ಸುಡದೆ ಬಂದ ಬ್ಯಾಗು

ಹೊಸಪೇಟೆ–ಕಂಪ್ಲಿ ಬಸ್ಸಿನ ಕಂಡಕ್ಟರ್ ಯಮನಮ್ಮನಿಗೆ ಸಿಟ್ಟು ಬರುತ್ತದೆ ಅನ್ನುವುದು ತಪ್ಪು. ಸಿಟ್ಟು ಅವಳಲ್ಲಿ ಖಾಯಂ ನೌಕರಿ. ಬರುವುದು ಹೋಗುವುದು ಏನಿದ್ದರೂ ನಗು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು, ಬಾಳೆಗೊನೆಯನ್ನು ದಾರಿಗಡ್ಡ ಮಲಗಿಸಿ ಅದರ ಪಕ್ಕ ತಾವೂ ತೂಕಡಿಸುವವರು, ಇಳಿಯುವವರ ಎದೆಗೆ ಎದೆ ಕೊಟ್ಟು ಹತ್ತುವವರು, ಅಂದರೆ ಸುತ್ತಿ ಬಳಸಿ ನಾವೆಲ್ಲರೂ, ಅವಳ ಬಾಯಿಗೆ ಬಿದ್ದವರೇ. ಬೈಸಿಕೊಂಡವರು ಮರುದಿನ ಅದೇ ಬಸ್ಸಿಗೆ ಕಾಯುತ್ತಾರೆ. ನಮ್ಮ ಕಡೆ ಬೈಗುಳವೂ ಒಂದು ಬಗೆಯ ನಂಟೇ.

ಅವಳು ಬೈಯದೆ ಮಾತಾಡುತ್ತಿದ್ದದ್ದು ತಮ್ಮ ಪರಶುರಾಮನ ಜೊತೆ ಮಾತ್ರ. ಅದೂ ಪೂರ್ತಿ ನಿಜವಲ್ಲ; ಕಡಿಮೆ ಬೈಯುತ್ತಿದ್ದಳು. ಅಪ್ಪ ಅವ್ವ ಬೇಗ ಹೋದ ಮೇಲೆ ಪಾಪಿನಾಯಕನಹಳ್ಳಿಯ ಮನೆಯಲ್ಲಿ ಅವನನ್ನು ಸಾಕಿದವಳು ಅವಳೇ. ಮದುವೆಯನ್ನು ಮುಂದಕ್ಕೆ ಹಾಕುತ್ತ ಹಾಕುತ್ತ ಕೊನೆಗೆ ಅದನ್ನು ಮರೆತೇ ಬಿಟ್ಟಳು. ಹುಡುಗ ಬೆಳೆದು ದಾಂಡಿಗನಾದ, ಸಂಡೂರಿನ ಗಣಿಯೊಂದರಲ್ಲಿ ದೊಡ್ಡ ಲಾರಿಗಳ ಮೆಕ್ಯಾನಿಕ್ ಆದ. ಹೊಸ ಯಂತ್ರವೊಂದರ ಕೆಲಸ ಕಲಿಯಲು ಗಣಿಯವರು ಅವನನ್ನು ಉತ್ತರದ ಕಡೆಗೆ ಕಳಿಸಿದರು. ವಾಪಸು ಬರಲು ವಿಮಾನದ ಟಿಕೆಟ್ಟು. ಒಳಗೆ ಕೂತವನೇ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಇಲ್ಲಿ ಟವೆಲ್ ಹಾಕೋದು ಇಲ್ಲಬೇ. ಸೀಟಿಗೆ ನಂಬರ್ ಐತಿ."

"ಹಂಗಾದ್ರ ಜಗಳ ಯಾತಕ್ಕ ಆಡ್ತಾರಲೇ?"

"ಆಡೋದೇ ಇಲ್ಲ. ಮುಂದಿನ ಸೀಟಿನಾಗ ಕಂಪ್ಲಿ ಅಜ್ಜಾರು ಅದಾರ. ಭಾಳ ಮಾತಾಡ್ತಾರ. ನಿನ್ನ ಬಸ್ಸಿನ ಗಿರಾಕಿನ ಇರಬೇಕು."

ಆ ವಿಮಾನದ ಹಿಂಭಾಗದಲ್ಲಿ, ಆಕಾಶದಲ್ಲಿರುವಾಗಲೇ ಬೆಂಕಿ ಹತ್ತಿತು. ಪೈಲಟ್ ಹೇಗೋ ಹತ್ತಿರದ ನಿಲ್ದಾಣಕ್ಕೆ ತಂದು ಇಳಿಸಿದ. ಹಿಂದಿನ ಸೀಟುಗಳವರು ಇಳಿಯುವ ಮೊದಲೇ ಹೊಗೆಗೆ ಸತ್ತಿದ್ದರು. ಮುಂದಿನವರು ಬಾಗಿಲಿಂದ ಜಾರಿ ಬದುಕಿದರು. ನಡುವಿನ ಸಾಲುಗಳಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಪರಶುರಾಮ ನಡುವಿನವನು. ಯಮನಮ್ಮನಿಗೆ ಸಿಕ್ಕಿದ್ದು ಮೊಹರು ಹಾಕಿದ ಪೆಟ್ಟಿಗೆ. ತೆರೆಯಬೇಡಿ ಅಂದರು. ತೆರೆಯದೆಯೇ ಊರಲ್ಲಿ ಮಣ್ಣು ಮಾಡಿದಳು.

ಆಮೇಲೆ ಅವಳಿಗೆ ಉಳಿದದ್ದು ಒಂದೇ ಪ್ರಶ್ನೆ. ಮುಂದಿನ ಸೀಟಿನ ಕಂಪ್ಲಿ ಮುದುಕ ಇಳಿದು ಬಂದ ಅಂತ ಪೇಪರಿನಲ್ಲಿತ್ತು. ಹಿಂದೆಯೇ ಕೂತ ದಾಂಡಿಗ ಯಾಕೆ ಬರಲಿಲ್ಲ? ವಿಮಾನದ ಕಂಪನಿಗೆ ಫೋನು ಮಾಡಿದರೆ ಜೇನಿನಂಥ ದನಿಯೊಂದು "ತನಿಖೆ ನಡೆಯುತ್ತಿದೆ ಮೇಡಂ" ಅಂದು ಸಂಗೀತ ಹಾಕುತ್ತಿತ್ತು. ಊರವರು ಹಣೆಬರಹ ಅಂದರು. ಹಣೆಬರಹ ಅಂದವರಿಗೆ ಅವಳು ಬಸ್ಸಿನಲ್ಲಿ ಚಿಲ್ಲರೆ ಕೊಡುವುದನ್ನು ನಿಲ್ಲಿಸಿದಳು. "ನಿಮ್ಮ ಹಣ್ಯಾಗ ಬರೆದಿಲ್ಲ, ನಡೀರಿ."

ಕೆಲಸಕ್ಕೆ ಮರಳಿದ ವಾರ ಕಂಪ್ಲಿ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬುತ್ತಿತ್ತು. ಹೆಂಗಸರಿಗೆ ಟಿಕೆಟ್ಟು ಉಚಿತ ಅನ್ನುವ ಕಾರಣ ಹಳೆಯದು. ಈಗ ಎಲ್ಲರ ಕೈಯಲ್ಲೂ ತೆಂಗಿನಕಾಯಿ, ಹೂವು.

"ಕಂಪ್ಲ್ಯಾಗ ಏನೈತಿ?" ಎಂದು ಪರಿಚಯದ ಸುಂಕಲಮ್ಮನನ್ನು ಕೇಳಿದಳು.

"ಬ್ಯಾಗ್ ನೋಡಾಕ ಹೊಂಟೀವಿ. ವಿಮಾನ ಸುಟ್ಟು ಕರಕಲಾದ್ರೂ ಅಚ್ಯುತರಾಯರ ಬ್ಯಾಗಿಗೆ ಒಂದು ಕಲೆ ಬಿದ್ದಿಲ್ಲಂತ! ಒಳಗ ಕಾಶಿ ಗಂಗವ್ವ ಇದ್ಲು, ಅದಕ್ಕ..."

ಪಕ್ಕದವಳು ತಿವಿದಳು. ಸುಂಕಲಮ್ಮ ನಾಲಿಗೆ ಕಚ್ಚಿಕೊಂಡಳು. ಹೆಸರಿಗೆ ವಿರುದ್ಧವಾಗಿ ದಿನವಿಡೀ ವಟಗುಟ್ಟುವ ಡ್ರೈವರ್ ಮೂಕಪ್ಪ ಮಾತು ಬಿಟ್ಟು ಕಂಪ್ಲಿಯ ತನಕ ಹಾರ್ನನ್ನೇ ಒತ್ತುತ್ತ ಹೋದ.

ಬಸ್ಸು ಕಂಪ್ಲಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಯಮನಮ್ಮ ಖಾಕಿ ಅಂಗಿಯಲ್ಲೇ ಜನರ ಹಿಂದೆ ನಡೆದಳು. ರಾಯರ ನಡುಮನೆಯಲ್ಲಿ ಮಣೆಯ ಮೇಲೆ ನೀಲಿ ಬ್ಯಾಗು ಕೂತಿತ್ತು. ಜಿಪ್ಪಿಗೆ ಅರಿಶಿನ, ಚಕ್ರಗಳಿಗೆ ಕುಂಕುಮ, ಕೊರಳು ಇರಬೇಕಾದ ಜಾಗದಲ್ಲಿ ಮಲ್ಲಿಗೆ ಹಾರ. ಆಯುಧಪೂಜೆಗೆ ಸ್ಕೂಟರನ್ನೂ ಬಿಡದ ಜನ ನಾವು, ಬ್ಯಾಗನ್ನು ಬಿಡುತ್ತೇವೆಯೇ? ಅದರ ಮುಂದೆ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ: ಕಾಶಿಯ ಗಂಗೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ರಾಯರು ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದರು. ಹೇಳಿದಷ್ಟೂ ಹೊಗೆ ದಟ್ಟವಾಗುತ್ತಿತ್ತು, ದೇವರು ದೊಡ್ಡವನಾಗುತ್ತಿದ್ದ.

"ವಿಮಾನ ನಿಂತಿತು ನೋಡ್ರಿ. ಆ ಗಗನಸಖಿ ಹುಡುಗಿ, ಸಾಮಾನು ಬಿಡ್ರಿ, ಜಲ್ದಿ ಇಳೀರಿ ಅಂತ ಒದರಿದಳು. ನಾ ಹೆಂಗ ಬಿಡ್ಲಿ? ಒಳಗ ಗಂಗಮ್ಮ ಇದ್ದಾಳ! ಮ್ಯಾಲಿನ ಕಪಾಟು ಕೈಗೆ ನಿಲುಕವಲ್ದು. ಹಿಂದಿನ ಸೀಟಿನಾಗ ಸಂಡೂರು ಗಣಿ ಹುಡುಗ ಇದ್ದ. ಅಜ್ಜಾರ, ಬ್ಯಾಗ್ ಬಿಟ್ಟು ನಡೀರಿ ಅಂದ. ನಾ ಕದಲಲಿಲ್ಲ. ಕಡೀಕ ಅವನೇ ಕೈ ಚಾಚಿ ಎಳದು ಕೊಟ್ಟ. ಸಾಕ್ಷಾತ್ ಹನುಮಪ್ಪ!"

ಮನೆಯ ತುಂಬ "ಹರಿ ಹರಿ" ಎದ್ದಿತು.

"ಆಮ್ಯಾಲೆ ಆ ಹುಡುಗ ಏನಾದ?" ಯಮನಮ್ಮ ಬಾಗಿಲಿಂದ ಕೇಳಿದಳು.

ರಾಯರು ತಡವರಿಸಿದರು. ಇಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ನನ್ನ ಹಿಂದ ಇದ್ದ... ಹೊಗಿ ಒಮ್ಮೆಲೇ ನುಗ್ಗಿತು... ಬಂದ ಕೆಲಸ ಮುಗಿಸಿ ಮಾಯ ಆದ ಅಂತೀನಿ ನಾ."

"ಮಾಯ ಆಗಿಲ್ಲ ರಾಯರ. ಪಾಪಿನಾಯಕನಹಳ್ಳಿ ಮಣ್ಣಾಗ ಅದಾನ. ಹನುಮಪ್ಪ ಅಲ್ಲ, ಪರಶುರಾಮ. ನನ್ನ ತಮ್ಮ."

ಸಾವಿಗೂ ಪುಣ್ಯದ ಲೆಕ್ಕ ಹಚ್ಚದಿದ್ದರೆ ನಾವು ನಾವಲ್ಲ. ಮುಂದಿನ ಸಾಲಿನಿಂದ ಒಬ್ಬಾಕೆ ಕೈ ಮುಗಿದಳು: "ಪುಣ್ಯವಂತನವ್ವ ನಿನ್ನ ತಮ್ಮ! ಗಂಗಿ ಸೇವಾ ಮಾಡಿ ಹೋದ."

"ಪುಣ್ಯ ಅಂತಿ?" ಯಮನಮ್ಮನ ದನಿಗೆ ತೂಗುಮಂಚದ ಸರಪಳಿ ನಡುಗಿತು. "ಇವರು ದಾರ್ಯಾಗ ನಿಂತ್ರು! ಹಿಂದ ಮಂದಿ ಹೊಗಿ ಕುಡ್ಕೊಂತ ನಿಂತಿದ್ರು, ಇವರು ಬ್ಯಾಗಿಗೆ ಕೈ ಚಾಚಿದ್ರು. ಇದು ಸುಟ್ಟಿಲ್ಲ, ಯಾಕಂದ್ರ ಇವರು ಹೊತ್ಕೊಂಡು ಬಂದಾರ. ಇದಕ್ಕ ದೇವರು ಯಾಕ ಬೇಕು? ರಾಯರ, ಗಂಗಿ ಕಾಶ್ಯಾಗ ನಾಳೇನೂ ಹರೀತಾಳ. ಇಲ್ಲೇ ನಿಮ್ಮೂರ ಸೇತುವಿ ಕೆಳಗ ತುಂಗಭದ್ರಿ ಹರೀತಾಳ. ನೀರಿಗೆ ಏನ್ ಬರ ಬಂದಿತ್ತು? ನನಗ ತಮ್ಮ ಒಬ್ಬನೇ ಇದ್ದ!"

ರಾಯರ ಹೆಂಡತಿ ರಾಧಾಬಾಯಿ ಗಾಬರಿಯಲ್ಲಿ ತೀರ್ಥದ ಉದ್ಧರಣೆ ಹಿಡಿದು ಬಂದರು. "ತಗೋವಾ ತಾಯಿ, ಸಮಾಧಾನ ಆಗ್ತದ."

ಯಮನಮ್ಮ ಕೈ ಚಾಚಲಿಲ್ಲ. ಹೊರಟೇ ಹೋದಳು.

ಸುದ್ದಿ ಹಬ್ಬಿಸಲು ನಮಗೆ ಬಸ್ಸೂ ಬೇಡ. ಕಾಯಿ ಒಡೆದವರೇ ಮೊದಲು "ಅದು ಸೂತಕದ ಬ್ಯಾಗು, ಮನ್ಯಾಗ ಇಡಬಾರದು" ಅಂದರು. ಹೋಗುವಾಗ ಕೈ ಮುಗಿದವರು ಬರುವಾಗ ಥೂ ಅಂದರು. ಇದನ್ನು ತಂದು ಹೇಳಿದ ಸುಂಕಲಮ್ಮನಿಗೂ ಬೈಗುಳವೇ ಸಿಕ್ಕಿತು. "ಪೂಜೆ ಮಾಡಾಕೂ ನೀವ, ಉಗುಳಾಕೂ ನೀವ. ನನ್ನ ತಮ್ಮನ ಹೆಸರು ಒಬ್ಬರಾದ್ರೂ ಹೇಳಿದ್ರೇನು?"

ಕೆಲವು ದಿನಗಳ ಮೇಲೆ, ಕಂಪ್ಲಿಯಿಂದ ಹೊಸಪೇಟೆಗೆ ಇನ್ನೇನು ಹೊರಡಲಿದ್ದ ಬಸ್ಸಿಗೆ ಅಚ್ಯುತರಾಯರು ಹತ್ತಿದರು. ಗಡ್ಡ ಬೆಳೆದಿತ್ತು. ತೊಡೆಯ ಮೇಲೆ ಅದೇ ಬ್ಯಾಗು. ಜಿಪ್ಪಿನ ಸಂದಿಯಲ್ಲಿ ಒರೆಸಿದರೂ ಹೋಗದ ಅರಿಶಿನ.

"ಎಲ್ಲಿಗೆ?"

"ಹಂಪಿಗೆ ತಾಯಿ. ಕಣ್ಣಿಗೆ ನಿದ್ದಿ ಇಲ್ಲ. ಇದನ್ನ ಹೊಳಿಗೆ ಬಿಟ್ಟು ಬರ್ತೀನಿ."

"ಹೊಳಿ ನಿಮ್ಮೂರಾಗ ಇಲ್ಲೇನು?"

"ಇಲ್ಲಿ ಮಂದಿ ನೋಡ್ತಾರ." ರಾಯರು ದನಿ ತಗ್ಗಿಸಿದರು. "ಇಲ್ಲಂದ್ರ ನೀನೇ ಇದನ್ನ ತಗೊಂಡುಬಿಡು. ಸುಡು, ದೂರ ಒಗಿ, ಏನಾದರೂ ಮಾಡು."

"ಬಿಡಬೇಕಾದಾಗ ಬಿಡಲಿಲ್ಲ," ಅಂದಳು ಯಮನಮ್ಮ. "ಈಗ ಬಿಡೋದು ಬ್ಯಾಡ. ಮನಿಗೆ ಒಯ್ರಿ. ಬಂದವರಿಗೆ ಕಾಣೋ ಹಂಗ ಇಡ್ರಿ. ಕೇಳಿದವರಿಗೆ ಗಂಗವ್ವ, ಹನುಮಪ್ಪ ಅನಬ್ಯಾಡ್ರಿ. ಯಾರು ತೆಗೆದುಕೊಟ್ಟ, ಯಾಕ ಅವ ಹಿಂದ ಉಳಿದ, ಅದನ್ನ ಹೇಳ್ರಿ."

"ಹೇಳ್ತೀನವ್ವಾ."

"ಈಗ ಹೇಳ್ರಿ."

ಬಸ್ಸು ತುಂಬಿತ್ತು. ರಾಯರು ಸುತ್ತ ನೋಡಿದರು. ಕಂಬ ಹಿಡಿದು ಎದ್ದು ನಿಂತು, ತಮಗೆ ಮಾತ್ರ ಕೇಳಿಸುವಂತೆ ಶುರು ಮಾಡಿದರು.

"ಜೋರಾಗಿ," ಅಂದಳು ಯಮನಮ್ಮ. "ಹಿಂದಿನ ಸೀಟಿಗೂ ಕೇಳಬೇಕು."

ಮೂಕಪ್ಪ ಎಂಜಿನ್ ಆರಿಸಿದ.