ಹೆನಾರೆ ಕಿವಿಯಿಂದ ತೆಗೆದ ಪಟ

ಕುಯಿನಿಗೆ ಕಡಲೆಂದರೆ ಹೊಟ್ಟೆ ತೊಳಸು. ಕೈಕೌರಾ ಎಂಬ ಕಡಲೂರಿನ ದಂಡೆಯಲ್ಲೇ ಹುಟ್ಟಿ, ಮೀನುಗಾರನನ್ನೇ ಕಟ್ಟಿಕೊಂಡರೂ ಅವಳು ದೋಣಿ ಹತ್ತಿದವಳಲ್ಲ. ಗಂಡ ಹೆನಾರೆ ವಯಸ್ಸಾಗಿ ಬಲೆ ಬಿಟ್ಟವನು ಕ್ಯಾಮೆರಾ ಹಿಡಿದ. ಹಳೆಯ ಜೊತೆಗಾರ ರಾವಿರಿಯ ದೋಣಿಯಲ್ಲಿ ಹೋಗಿ ಆಲ್ಬಟ್ರಾಸ್ ಹಕ್ಕಿಗಳ ಪಟ ತೆಗೆದು ತರುತ್ತಿದ್ದ. ಆ ಊರವರ ಬಾಯಲ್ಲಿ ಆ ಹಕ್ಕಿಯ ಹೆಸರು ತೊರೊವಾ. ಮಂಚಕ್ಕಿಂತ ಅಗಲಕ್ಕೆ ರೆಕ್ಕೆ ಚಾಚಿ, ಬಡಿಯುವ ಗೋಜಿಗೇ ಹೋಗದೆ, ಅಲೆಯಿಂದ ಅಲೆಗೆ ತೇಲುವ ಹಕ್ಕಿ. ಅವನು ಪಟಗಳನ್ನು ಮೇಜಿನ ಮೇಲೆ ಹರಡಿದರೆ, "ಚೆನ್ನಾಗಿದೆ, ಈಗ ತಟ್ಟೆ ಇಡೋಕೆ ಜಾಗ ಬಿಡು" ಎನ್ನುತ್ತಿದ್ದಳು.

ಆಮೇಲೆ ಹೆನಾರೆಯ ಕಣ್ಣು ಮಸುಕಾಗುತ್ತ ಬಂದು, ಒಂದು ಚಳಿಗಾಲದ ಹೊತ್ತಿಗೆ ಪೂರ್ತಿ ಹೋಯಿತು. ಕ್ಯಾಮೆರಾ ಗೋಡೆಯ ಗೂಟ ಸೇರಿತು. ಅವನ ಮಾತೂ ನಿಂತಿತು. ಕುಯಿನಿ ತಾಳುವಷ್ಟು ತಾಳಿದಳು. ಒಂದು ಬೆಳಿಗ್ಗೆ ಕ್ಯಾಮೆರಾವನ್ನು ತನ್ನ ಕೊರಳಿಗೇ ಹಾಕಿಕೊಂಡು ಅವನ ಮುಂದೆ ನಿಂತಳು.

"ಏಳು, ಬೂಟು ಹಾಕ್ಕೋ. ನಾನು ಪಟ ತೆಗೀತೀನಿ, ನೀನು ಹೇಳ್ಕೊಡು."

"ನೀನಾ? ದೋಣಿ ಕಟ್ಟೋ ಧಕ್ಕೆ ದಾಟೋ ಮೊದ್ಲೇ ಕಕ್ಕೊಳ್ತೀಯ ಕಣೇ."

"ಕಕ್ಕೊಂಡ್ರೆ ನಿಂಗೇನು ಕಾಣಲ್ವಲ್ಲ!"

ಎಷ್ಟೋ ದಿನದ ಮೇಲೆ ಹೆನಾರೆ ನಕ್ಕ.

ದೋಣಿಯಲ್ಲಿ ಅವಳು ಕಕ್ಕಿದ್ದೂ ಹೌದು. ಹೆನಾರೆ ಬೆನ್ನು ನೀವುತ್ತ ಕೂತಿದ್ದ. ರಾವಿರಿ ಸುಮ್ಮನಿರಲಿಲ್ಲ: "ಅತ್ತಿಗೆ, ತೊರೊವಾಕ್ಕೆ ತಿನ್ನೋಕೆ ಅಂತ ನಾನು ಮೀನಿನ ಈಲಿ ತಂದ್ರೆ, ನೀವು ಗಂಜಿ ಬಡಿಸ್ತಿದೀರಲ್ಲ!"

ಅಂದಿನ ಪಟಗಳಲ್ಲಿ ಇದ್ದದ್ದು ಬರೀ ಆಕಾಶ, ಒಂದೆರಡು ಬಾಲ. "ಹಕ್ಕಿ ಹಿಂದೆ ಓಡಬೇಡ," ಎಂದ ಹೆನಾರೆ. "ಗಾಳಿಗೆ ಮುಖ ಮಾಡಿ ತಿರುಗೇ ತಿರುಗುತ್ತೆ. ಅಲ್ಲಿ ಕಾದಿರು." ಅವಳು ಮತ್ತೆ ಹೋದಳು, ಮತ್ತೆ ಮತ್ತೆ ಹೋದಳು. ಹೊಟ್ಟೆ ಕಡಲಿಗೆ ಒಗ್ಗಿತು. ಕಂಡದ್ದನ್ನೆಲ್ಲ ದೋಣಿಯಲ್ಲಿ ಪಕ್ಕ ಕೂತ ಅವನಿಗೆ ಹೇಳುತ್ತಿದ್ದಳು. ಮನೆಗೆ ಬಂದ ಮೇಲೂ ಅವನು ಅದನ್ನೇ ಕೆದಕಿ ಕೇಳುತ್ತಿದ್ದ.

ತೆಂಕಣ ಗಾಳಿ ಬೀಸುತ್ತಿದ್ದ ಒಂದು ದಿನ ರಾವಿರಿ ಎಂಜಿನ್ ನಿಲ್ಲಿಸಿ, ಮೀನಿನ ಈಲಿಯ ತುಂಡುಗಳನ್ನು ತುಂಬಿದ ತಂತಿಬುಟ್ಟಿಯನ್ನು ನೀರಿಗೆ ಇಳಿಬಿಟ್ಟ. ದೊಡ್ಡದೊಂದು ತೊರೊವಾ ಕಾಲು ಮುಂದೆ ಚಾಚಿ ಜಾರುತ್ತ ಬಂದಿಳಿದು, ಬುಟ್ಟಿ ಕುಕ್ಕತೊಡಗಿತು. ಕೊಕ್ಕಿನ ಟಕಟಕ ಕೇಳುವಷ್ಟು ಹತ್ತಿರ. ಕುಯಿನಿ ಕ್ಯಾಮೆರಾ ಎತ್ತಿದವಳು, ಏನನ್ನಿಸಿತೋ, ಅದನ್ನು ಗಂಡನ ಕೈಗಿಟ್ಟಳು.

"ನೀನೇ ತೆಗಿ."

"ಹುಚ್ಚು ಹಿಡೀತಾ ನಿಂಗೆ?"

"ಕಿವಿ ನೆಟ್ಟಗಿದೆಯಲ್ಲ ಮಾರಾಯ!"

ಹೆನಾರೆ ಉಸಿರು ಬಿಗಿಹಿಡಿದು ಆಲಿಸಿದ. ತಿಂದು ಮುಗಿಸಿದ ಹಕ್ಕಿ ಗಾಳಿಗೆ ಮುಖ ಮಾಡಿ, ಹಾರಲೆಂದು ನೀರಿನ ಮೇಲೆ ಪಟಪಟ ಹೆಜ್ಜೆಯಿಡುತ್ತ ಓಡಿತು. ಆ ಸದ್ದಿನ ಜೊತೆಗೇ ಅವನು ತಿರುಗಿ ಗುಂಡಿ ಒತ್ತಿದ.

ಮನೆಯಲ್ಲಿ ಕುಯಿನಿ ಪಟವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಏನಿದೆ ಹೇಳೇ," ಎಂದ ಹೆನಾರೆ.

"ಕಡಲು ಓರೆಯಾಗಿದೆ. ಅರ್ಧ ರೆಕ್ಕೆ. ಮತ್ತೆ... ಮೂಲೇಲಿ ನಾನಿದೀನಿ. ಹಕ್ಕೀನ ನೋಡಿ ನಗ್ತಿದೀನಿ."

"ಬಾಯಿ ಮುಚ್ಚಿದೆಯಾ?"

"ಇಲ್ಲ, ಪೂರ್ತಿ ತೆರ್ದಿದೆ."

"ಹಾಗಾದ್ರೆ ನೀನೇ, ಅನುಮಾನ ಇಲ್ಲ."

ಕಡಲಲ್ಲಿ ಅವನು ತೆಗೆದ ರಾಶಿ ಪಟಗಳಲ್ಲಿ ಹೆಂಡತಿ ಇದ್ದದ್ದು ಅದೊಂದರಲ್ಲೇ. ಅದು ಅಡುಗೆಮನೆಯ ಗೋಡೆಗೇರಿತು.

ಈಗ ಉಣ್ಣುವ ಮೊದಲು ಕುಯಿನಿ ತಲೆಬಾಗಿ ದೇವರಿಗೆ ವಂದನೆ ಹೇಳುವಾಗ ಆ ಮಾತಿನಲ್ಲಿ ರಾವಿರಿಯ ದೋಣಿ ಬರುತ್ತದೆ, ತೆಂಕಣ ಗಾಳಿ ಬರುತ್ತದೆ, ಬಂದ ಹಕ್ಕಿಗಳೂ ಬಾರದ ಹಕ್ಕಿಗಳೂ ಬರುತ್ತವೆ. ತಟ್ಟೆಯಲ್ಲಿನ ಮೀನು ಆರುತ್ತದೆ.

"ಸಾಕು ಕಣೇ, ದೇವ್ರಿಗೂ ಹಸಿವಾಗುತ್ತೆ," ಎನ್ನುತ್ತಾನೆ ಹೆನಾರೆ. ಆದರೆ ಹಿಡಿದ ಅವಳ ಕೈಯನ್ನು ಬಿಡುವುದಿಲ್ಲ.