ಸೋಮವಾರ ಬಾ ಅವ್ವ

ಶಿವಸ್ವಾಮಿಗೆ ಇದ್ದದ್ದು ಒಂದೇ ಒಂದು ಆಸೆ. ಚಾಮರಾಜನಗರ ಜಿಲ್ಲೆಯಾದ ಮರುವರ್ಷ ಅವನು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ. ಅವನು ಗುಮಾಸ್ತನಾಗಿದ್ದ ಕಚೇರಿಯಲ್ಲಿ ಕೇರಿಯಿಂದ ಬಂದವನು ಅವನೊಬ್ಬನೇ. ಹನ್ನೊಂದು ವರ್ಷ ಎಲ್ಲರ ಮನೆ ಮದುವೆ, ನಾಮಕರಣಕ್ಕೂ ಹೋಗಿ ಉಂಡು ಬಂದಿದ್ದ. ಅವನ ಮನೆಯಲ್ಲಿ ಒಬ್ಬರೂ ಒಂದು ಲೋಟ ನೀರು ಕುಡಿದಿರಲಿಲ್ಲ. ಈ ಗೃಹಪ್ರವೇಶಕ್ಕಾದರೂ ಸಾಹೇಬರು ಗುರುಪಾದಸ್ವಾಮಿಯವರು ತನ್ನ ಮನೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು. ಅಷ್ಟೇ.

ಎರಡು ತಿಂಗಳು ಮೊದಲೇ ತಯಾರಿ ಶುರುವಾಯಿತು. ಯಾರು ಯಾವ ವಾರ ಒಪ್ಪತ್ತು ಮಾಡುತ್ತಾರೆಂದು ಟೀ ಹೊತ್ತಿನಲ್ಲಿ ಉಪಾಯವಾಗಿ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. ಸೋಮವಾರ ಅರ್ಧ ಕಚೇರಿಯೇ ಉಪವಾಸ. ಗುರುವಾರ ಹೆಡ್ ಕ್ಲರ್ಕ್. ಹಾಗಾದರೆ ಭಾನುವಾರವೇ ಸರಿ! ಪಾತ್ರೆಗಳೆಲ್ಲ ಹೊಸವು. ಅಡುಗೆಗೆ ಸಾಹೇಬರ ಜಾತಿಯವರೇ ಆದ ಶಿವರುದ್ರಮ್ಮ. ಹೆಂಡತಿ ಕುಮಾರಿ ಆವತ್ತು ಅಡುಗೆಮನೆ ಹೊಸ್ತಿಲು ದಾಟಕೂಡದೆಂದು ಕಟ್ಟಪ್ಪಣೆ.

“ನನ್ನ ಮನೇಲಿ ನಾನೇ ಒಲೆ ಮುಟ್ಬಾರ್ದಾ? ನಾಚ್ಕೆ ಆಗಲ್ವಾ ನಿಮ್ಗೆ?” ಅಂದಳು ಕುಮಾರಿ.

“ಒಂದಿನ ಸುಮ್ಕಿರಮ್ಮಿ. ಅವರು ಉಂಡ್ಬುಡ್ಲಿ.”

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಸಂತೆಮರಹಳ್ಳಿ ಪಕ್ಕದ ಊರಿಗೆ ಹೋಗಿ ಹೆತ್ತ ತಾಯಿ ಪುಟ್ಟಮಾದಮ್ಮನಿಗೆ, “ಭಾನುವಾರ ಆಫೀಸ್ನೋರು ಬತ್ತಾರೆ, ಜಾಗ ಸಾಲ್ದು. ನೀನು ಸೋಮವಾರ ಬಾ ಅವ್ವ” ಅಂದುಬಿಟ್ಟ, ಪಾಪಿ! ಆ ಮನೆಯ ಪಾಯಕ್ಕೆ ಪೂಜೆ ಮಾಡಿದ ಕೈ ಅವಳದು. “ಆಯ್ತು ಕನ ಮಗ” ಅಂದಳು ಮುದುಕಿ.

ಭಾನುವಾರ ಒಬ್ಬರೂ ತಪ್ಪದೆ ಬಂದರು. ಗೋಡೆ ಗಡಿಯಾರ ಉಡುಗೊರೆ ಕೊಟ್ಟರು, ಮನೆಯೆಲ್ಲ ಸುತ್ತಿ ನೋಡಿ “ಭೇಷ್ ಕಣಯ್ಯ” ಅಂದರು. ಎಲೆ ಹಾಕಿದ್ದೇ ತಡ, ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಇನ್ನೊಬ್ಬರು ಗುಂಡ್ಲುಪೇಟೆ ಮದುವೆಯಲ್ಲಿ ಉಂಡೇ ಬಂದವರು. “ಒಂದು ಹಣ್ಣು ಕೊಡಪ್ಪ ಸಾಕು, ಉಂಡಂಗೇ ಆಯ್ತು” ಅಂದ ಸಾಹೇಬರು ಬಾಳೆಹಣ್ಣನ್ನು ನಿಂತುಕೊಂಡೇ ಸುಲಿದು ತಿಂದು ಜೀಪು ಹತ್ತಿದರು. ಉಳಿದವರೂ ಅವರ ಹಿಂದೆಯೇ. ಕೊನೆಗೆ ಶಿವರುದ್ರಮ್ಮ ಕೂಡ ತಾನು ಮಾಡಿದ ಅಡುಗೆಯಲ್ಲಿ ಒಂದು ಅಗುಳು ಮುಟ್ಟದೆ ಹೊರಟಳು. ಹೊಟ್ಟೆ ಉರಿಯದೆ ಇರುತ್ತದೆಯೇ? ಶಿವಸ್ವಾಮಿ ಆ ಎಲೆಗಳನ್ನು ಒಂದೊಂದಾಗಿ ಎತ್ತಿ ಹಿತ್ತಿಲಿಗೆ ಹಾಕಿದ.

ಮರುದಿನ ಪುಟ್ಟಮಾದಮ್ಮ ಬಂದಳು, ಒಬ್ಬಳೇ. ಹಿತ್ತಿಲಲ್ಲಿ ಅನ್ನ ಬೀಳದ ಬಾಳೆಲೆಗಳ ರಾಶಿ, ಪಕ್ಕದಲ್ಲಿ ಹಣ್ಣಿನ ಸಿಪ್ಪೆ. ಎರಡನ್ನೂ ನೋಡಿ ಒಳಗೆ ಬಂದಳು. ಕುಮಾರಿ ಬೆಳಗ್ಗೆಯೇ ಎದ್ದು ಬಿಸಿ ಅನ್ನ, ಅವರೆಕಾಳು ಸಾರು ಮಾಡಿದ್ದಳು. ಶಿವಸ್ವಾಮಿ ತಾನೇ ಎಲೆ ಹಾಕಿ, “ಕೂತ್ಕೊ ಅವ್ವ, ಉಣ್ಣು” ಅಂದ.

ಮನೆಯಲ್ಲಿ ಹಿಟ್ಟಿಲ್ಲದ ದಿನ ಬಿಟ್ಟರೆ, ಜನ್ಮದಲ್ಲಿ ಒಂದು ಹೊತ್ತು ಉಪವಾಸ ಇದ್ದವಳಲ್ಲ ಅವಳು.

“ಬ್ಯಾಡ ಕನ ಮಗ. ಇವತ್ತು ಸೋಮಾರ ಅಲ್ವಾ, ನಾನು ಒಪ್ಪತ್ತು. ಬಾಳೆಹಣ್ಣಿದ್ರೆ ಒಂದು ಕೊಡು, ಸಾಕು” ಅಂದಳು.

ಕೊಟ್ಟ ಹಣ್ಣನ್ನು ನಿಂತುಕೊಂಡೇ ಸುಲಿದು ತಿಂದು, ಹನ್ನೊಂದರ ಬಸ್ಸಿಗೆ ಹೊರಟುಹೋದಳು.