ಕಲ್ಲೇಶನ ತೆಂಗಿನಮರದ ಕ್ಯಾಸೆಟ್

ಕಲ್ಲೇಶನ ಹತ್ತಿರ ಟಿವಿ ರಿಪೇರಿಗೆ ಕೊಟ್ಟು ಅವನನ್ನು ಬೈಯದವರು ತಿಪಟೂರಿನಲ್ಲಿ ಕಡಿಮೆ. ಭಾನುವಾರ ಕೊಡ್ತೀನಿ ಅಂದರೆ ಯಾವ ಭಾನುವಾರ ಅಂತ ಕೇಳಿಕೊಳ್ಳಬೇಕಿತ್ತು. ನನ್ನ ವಾಚ್ ಅಂಗಡಿ ಅವನ ಪಕ್ಕದಲ್ಲೇ ಇದ್ದುದರಿಂದ ಬೈಗುಳದಲ್ಲಿ ಅರ್ಧ ನನ್ನ ಕಿವಿಗೂ ಬೀಳುತ್ತಿತ್ತು. 2001ರಲ್ಲಿ ಒಂದೇ ಒಂದು ಕೆಲಸವನ್ನು ಅವನು ಹೇಳಿದ ದಿನಕ್ಕೆ ಮುಗಿಸಿದ. ಮಾಡಿಸಿಕೊಂಡವನು ಅವನ ತಮ್ಮ ಮೈಲಾರಿ.

ಮೈಲಾರಿ ನೊಣವಿನಕೆರೆಯಲ್ಲಿ ತೆಂಗಿನಕಾಯಿ ಕೀಳುತ್ತಿದ್ದ. ಹಿಂದಿನ ವರ್ಷ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ತಾಯಿ ಭೈರಮ್ಮ ಅವನ ಮಂಚ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಹೊತ್ತು ಹೋಗಲಿ ಅಂತ ಕಲ್ಲೇಶ ಟಿವಿಗೆ ಸಿಕ್ಕಿಸಿ ಆಡುವ ಒಂದು ಹಳೇ ವಿಡಿಯೋ ಗೇಮ್ ತಂದುಕೊಟ್ಟ. ಅದಕ್ಕಿದ್ದದ್ದು ಒಂದೇ ಕ್ಯಾಸೆಟ್. ಅದರಲ್ಲಿ ಒಬ್ಬ ಕುಳ್ಳ ಏಣಿ ಹತ್ತುತ್ತಿದ್ದ.

‘ಅಣ್ಣ, ಈ ಏಣಿ ತೆಗ್ದು ತೆಂಗಿನಮರ ಹಾಕಕ್ಕಾಯ್ತದಾ? ಇನ್ನೊಂದ್ ಸಲ ಹತ್ಬೇಕು ಅನ್ನುಸ್ತದೆ ಕಣಣ್ಣ’ ಎಂದ ಮೈಲಾರಿ.

ಮಲಗಿದಲ್ಲೇ ಅವನು ಚೌಕಳಿ ಹಾಳೆಯ ಮೇಲೆ ಮರ, ಗರಿ, ಗೊನೆ ಬರೆದುಕೊಟ್ಟ. ಕಲ್ಲೇಶ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಗೇಮಿನ ಚಿತ್ರಗಳನ್ನು ಒಂದೊಂದಾಗಿ ಬದಲಾಯಿಸಿದ. ಕ್ಯಾಸೆಟ್ ಬಿಚ್ಚಿ, ಅದರ ಚಿಪ್ ಕಿತ್ತು, ನಾವೇ ಬರೆಯಬಹುದಾದ ಬೇರೆ ಚಿಪ್ ಬೆಸುಗೆ ಹಾಕಿದ; ಕ್ಯಾಸೆಟ್ಟಿನ ಮುಚ್ಚಳ ಮತ್ತೆ ಕೂರದೆ ಚಿಪ್ ಹೊರಗೇ ಕಾಣುತ್ತಿತ್ತು. ಆ ಚಿಪ್ಪಿನ ನೆತ್ತಿಯಲ್ಲಿ ಪುಟ್ಟ ಗಾಜಿನ ಕಿಂಡಿ. ಅದರೊಳಗೆ ನಾಲ್ಕು ದಿನ ಬಿಸಿಲು ಬಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ ಅಂತ ನನಗೆ ತೋರಿಸಿ, ಮೇಲೆ ಕಪ್ಪು ಟೇಪು ಅಂಟಿಸಿದ. ಈ ಮಾತನ್ನು ನನಗೆ ಹೇಳಿದ ಪುಣ್ಯಾತ್ಮ ಮನೆಯಲ್ಲಿ ಹೇಳಲಿಲ್ಲ.

ಮೈಲಾರಿ ದಿನವಿಡೀ ಮರ ಹತ್ತಿದ. ಭೈರಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಟಿವಿಯಲ್ಲಿ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಪಕ್ಕ ಕೂತು, ‘ಎಷ್ಟು ಕಿತ್ತೆ ಮಗಾ?’ ಅನ್ನುತ್ತಿದ್ದಳು. ಅವನು ಲೆಕ್ಕ ಹೇಳುತ್ತಿದ್ದ.

ಒಂದು ಸಂಜೆಯ ಮಳೆಗೆ ಹೆಂಚು ಸೋರಿ ಕ್ಯಾಸೆಟ್ ನೆನೆಯಿತು. ಭೈರಮ್ಮ ಚಿಪ್ಪಿನ ಮೇಲಿನ ಒದ್ದೆ ಟೇಪನ್ನು ಕಿತ್ತೆಸೆದಳು. ಕರೆಂಟಿನ ವಸ್ತು, ಒಳಗೆ ತೇವ ಉಳಿದರೆ ಮಗನಿಗೆ ಶಾಕ್ ಹೊಡೆದೀತು ಅಂತ ಹತ್ತು ದಿನ, ಅಂಗಳದಲ್ಲಿ ಹರಡಿದ ಕೊಬ್ಬರಿಯ ಜೊತೆ ಅದನ್ನೂ ಬಿಸಿಲಿಗಿಟ್ಟಳು. ಕೊಬ್ಬರಿಯಂತೆಯೇ ಮಗುಚಿ ಮಗುಚಿ ಒಣಗಿಸಿದಳು.

ಕಲ್ಲೇಶ ಊರಿಗೆ ಹೋಗಿ ಹಾಕಿದರೆ ಬರೀ ಬೂದುಬಣ್ಣದ ಪರದೆ.

‘ಯಾರವ್ವ ಇದನ್ನ ಬಿಸ್ಲಿಗಿಟ್ಟಿದ್ದು?’

‘ನಾನೇ ಕಣ್ಲಾ. ಬಿಸ್ಲಿಗೆ ಕೆಡೋದು ಯಾವ್ದೈತೆ?’

ಅವನು ಬಾಯಿ ತೆರೆಯುವಷ್ಟರಲ್ಲಿ ಮೈಲಾರಿ ಕೈ ಹಿಡಿದು ಜಗ್ಗಿದ. ‘ಚೆನ್ನಾಗ್ ಬತ್ತೈತೆ ಕಣವ್ವ. ಸೌಂಡ್ ನಾನೇ ನಿಲ್ಸಿವ್ನಿ, ತಲೆನೋವು’ ಅಂದು ಬಟನ್ ಒತ್ತತೊಡಗಿದ. ಅವತ್ತಿನಿಂದ ಆ ಬೂದು ಪರದೆಯ ಮುಂದೆ ತಾಯಿಗೆ ಸುಳ್ಳು ಲೆಕ್ಕ ಹೇಳಿದ.

ಚಿತ್ರಗಳಿದ್ದ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಕಲ್ಲೇಶ ಮೊದಲಿನಿಂದ ಶುರುಮಾಡಿದ. ಗರಿಗಳು ಮುಗಿಯುವ ಹೊತ್ತಿಗೆ ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಕೀವಾಗಿ, ಮೈಲಾರಿ ಒಂದೇ ವಾರದಲ್ಲಿ ಹೋಗಿಬಿಟ್ಟ. ಮಿಕ್ಕಿದ್ದನ್ನು ಕಲ್ಲೇಶ ಮುಟ್ಟಲಿಲ್ಲ. ಮುಗಿಸೋ ಮಾರಾಯ ಅಂತ ನಾನು ರೇಗಿದೆ. ಹತ್ತೋನು ಯಾರು ಅಂದ. ಅವನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಅಷ್ಟು ಕನಿಕರವೂ.

ತಿಥಿ ಮುಗಿದ ಮೇಲೆ ಒಂದು ಭಾನುವಾರ ಅವನ ಜೊತೆ ನಾನೂ ಹೋಗಿದ್ದೆ. ಭೈರಮ್ಮ ಖಾಲಿ ಮಂಚದ ಪಕ್ಕ ಕೂತಿದ್ದಳು.

‘ಆ ಟೀವಿ ಹಾಕ್ಲಾ ಕಲ್ಲೇಶ. ನನ್ ಮಗ ಮರ ಹತ್ಲಿ, ವಸಿ ಹೊತ್ತು ಪಕ್ಕ ಕೂತಿರ್ತೀನಿ.’

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಸ್ವಿಚ್ ಹಾಕಿ, ಆ ಬೂದು ಪರದೆಯ ಮುಂದೆ ಕೂತು ಬಟನ್ ಒತ್ತಿದ.

‘ಎಷ್ಟಾಯ್ತು?’

‘ಹದಿನಾಲ್ಕು ಕಣವ್ವ.’

‘ಸಾಕು ಬುಡು’ ಎಂದಳು ಭೈರಮ್ಮ. ‘ಇಳಿಸ್ಲಾ ನನ್ ಮಗನ್ನ. ನಿಧಾನಕ್ಕೆ ಇಳಿಸು.’